ಹಗೇವಿನಲ್ಲಿ ಹಿಮಚಿರತೆ

ತಿಕೋಟಾದ ಬಸ್ಸು ಬೆಳಿಗ್ಗೆ ಏಳಕ್ಕೆ ವಿಜಾಪುರ ಬಿಟ್ಟಿತು. ದೂರ ಹನ್ನೆರಡು ಮೈಲಿ, ಟಿಕೆಟ್ಟು ಒಂದು ರೂಪಾಯಿ. ಮೇ ತಿಂಗಳು, ಆ ಹೊತ್ತಿಗೇ ಕಿಟಕಿಯ ಸರಳು ಬೆಚ್ಚಗಾಗಿತ್ತು. ನನ್ನ ಹಿಂದಿನ ಸೀಟಿನಲ್ಲಿ ಅರಣ್ಯ ಇಲಾಖೆಯ ಗಾರ್ಡ್ ರಾಜೇಸಾಬ ಕುಳಿತಿದ್ದ. ಅವನ ಖಾಕಿ ಜೇಬಿನಲ್ಲಿ ರೇಂಜರ್ ಸಾಹೇಬರು ಸಹಿ ಮಾಡಿದ ಜಪ್ತಿಯ ಹುಕುಮು ಇತ್ತು. ಅದನ್ನು ಬಳಸುವ ಪ್ರಸಂಗ ಬಾರದಿರಲಿ ಎಂದು ನಾನು ದಾರಿಯುದ್ದಕ್ಕೂ ಹಾರೈಸುತ್ತಿದ್ದೆ.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ವಿಜಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಸೇರಿ ಎರಡು ವರ್ಷವಾಗಿತ್ತು. ಹಿಂದಿನ ದಿನ ತಿಕೋಟಾದ ವಿದ್ಯಾರ್ಥಿನಿಯೊಬ್ಬಳು ಅಂಕಪಟ್ಟಿ ಒಯ್ಯಲು ಬಂದವಳು, ತಮ್ಮೂರ ಸಂತೆಯಲ್ಲಿ ತಂಬು ಹಾಕಿದವನೊಬ್ಬ ಬಿಳಿ ಚಿರತೆಯ ಮರಿ ತೋರಿಸುತ್ತಿದ್ದಾನೆಂದು ಹೇಳಿದಳು. ಬಾಲ ಮೈಯಷ್ಟೇ ಉದ್ದವಿದೆಯಂತೆ. ಆ ಒಂದು ಮಾತಿಗೆ ನಾನು ಕೈಯಲ್ಲಿದ್ದ ಅಂಕಪಟ್ಟಿಯನ್ನು ಕೆಳಗಿಟ್ಟೆ. ಅಷ್ಟು ಉದ್ದದ ಬಾಲವಿರುವ ಬಿಳಿ ಚಿರತೆ ಒಂದೇ ಇದೆ. ಅದು ಇರಬೇಕಾದದ್ದು ಹಿಮಾಲಯದ ಬಂಡೆಗಳ ಮೇಲೆ, ಮರಗಳೂ ಬೆಳೆಯದ ಎತ್ತರದಲ್ಲಿ.

ರೇಂಜರ್ ಸಾಹೇಬರು ನಂಬಲಿಲ್ಲ. "ಹ್ವಾದ ವರ್ಷ ಒಬ್ಬಾಂವ ಕತ್ತೆಮರಿಗೆ ಪಟ್ಟಿ ಬಳದ ಝೀಬ್ರಾ ಅಂದಿದ್ದ. ನೀವು ಹೋಗಿ ಖಾತ್ರಿ ಮಾಡಿಕೊಳ್ರಿ. ಖೊಟ್ಟಿ ಇದ್ರ ಚಾ ಕುಡದ ಬರ್ರಿ. ಖರೇ ಇದ್ರ ಫೋನ್ ಹಚ್ಚರಿ," ಎಂದರು. ವನ್ಯಜೀವಿಗಳ ಹೊಸ ಕಾನೂನು ಬಂದು ಎರಡು ಮೂರು ವರ್ಷವಾಗಿತ್ತು. ಹಿಮಚಿರತೆಯನ್ನು ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ನಿಜವಾದರೆ ಸಂಜೆಯ ಸೊಲ್ಲಾಪುರ ಗಾಡಿಗೆ ಹಾಕಿ, ಅಲ್ಲಿಂದ ಉತ್ತರದ ಗುಡ್ಡಗಾಡಿನ ಒಂದು ಪ್ರಾಣಿಸಂಗ್ರಹಾಲಯಕ್ಕೆ ಕಳಿಸಬೇಕೆಂದು ಮಾತಾಗಿತ್ತು. ಇಲಾಖೆಯ ಒಂದೇ ಜೀಪು ಸಿಂದಗಿ ಕಡೆಗೆ ಹೋಗಿತ್ತು. ಅದು ಬರುವುದು ಸಂಜೆಗೆ.

ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಚೀಲ, ಕೊಡೆ, ಹಿಂದಿನ ಗಾರ್ಡು ಎಲ್ಲವನ್ನೂ ನೋಡಿ ಕೇಳಿದಳು. "ತಿಕೋಟಾಕ್ಕ ಯಾರ ಮನಿಗ್ರಿ ಅಕ್ಕಾರ? ವರಾ ನೋಡಾಕ ಹೊಂಟೀರೇನ?"

ನನಗಿಂತ ಮೊದಲು ರಾಜೇಸಾಬ ಮುಂದೆ ಬಾಗಿದ. "ಹೌದ್ ಬೇ, ವರಾ ನೋಡಾಕ. ಮೈತುಂಬ ಚುಕ್ಕಿ ಅದಾವಂತ, ಉಗುರ ಉದ್ದ ಅದಾವಂತ, ಸ್ನಾನಾ ಮಾಡಂಗಿಲ್ಲಂತ."

"ಹಂಗಾದ್ರ ನಮ್ಮ ಮೈದುನನಽ ಇರಬೇಕ ತಗೊ," ಎಂದಳು ಹೆಂಗಸು. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ನಗಲಾಗಲಿಲ್ಲ. ಸುಳ್ಳಾಗಿದ್ದರೆ ಇಡೀ ಕಾಲೇಜು ನನ್ನನ್ನು ನೋಡಿ ಹೀಗೆಯೇ ನಗುವುದಿತ್ತು. ಆದರೂ ಸುಳ್ಳಾಗಲಿ ಎಂದೇ ಬೇಡಿಕೊಂಡೆ.

ತಿಕೋಟಾದಲ್ಲಿ ಇಳಿದಾಗ ಸಂತೆಯ ಬಯಲು ಖಾಲಿಯಿತ್ತು. ಗೂಟ ಕಿತ್ತ ಕುಳಿಗಳು, ಉಳ್ಳಾಗಡ್ಡಿಯ ಸಿಪ್ಪೆ, ಎರಡು ನಾಯಿ. ಚಹದಂಗಡಿಯವನು ಬಬಲೇಶ್ವರದ ಕಡೆಗೆ ಕೈ ಮಾಡಿದ. "ನಿನ್ನೆ ಸಂಜಿಕೇನೆ ಎದ್ದ ಹ್ವಾದ್ರ ನೋಡ್ರಿ. ಇಲ್ಲಿ ಮಂದಿ ರೊಕ್ಕಾ ವಾಪಸ್ ಕೇಳಿ ಜಗಳಾ ತಗದ್ರು."

"ಯಾಕೆ?"

"ಹುಲಿ ಅಂದ್ರ ಗುರ್ ಅನಬೇಕಿಲ್ರಿ? ಅದು ಒದರೂದಽ ಇಲ್ಲ. ಮೂಗಿನ್ಯಾಗ ಫುಸ್ ಫುಸ್ ಅಂತೈತಿ, ನೆಗಡಿ ಬಂದ ಮುದುಕಿ ಹಂಗ. ಮುಟ್ಟಿ ನೋಡಿದ್ರ ಮೈ ಕಾದ ಹಂಚು. ನಾನ ಎರಡ ಕೊಡ ನೀರ ಕೊಟ್ಟೇನ್ರಿ ಸುರುವಾಕ."

ನಾನು ಚಹದ ಬಟ್ಟಲನ್ನು ಕೆಳಗಿಟ್ಟೆ. ದೊಡ್ಡ ಬೆಕ್ಕುಗಳ ಕುಲದಲ್ಲಿ ಹಿಮಚಿರತೆ ಗರ್ಜಿಸುವುದಿಲ್ಲ. ತನ್ನವರನ್ನು ಕಂಡಾಗ ಅದು ಮೂಗಿನಿಂದ ಮೆಲ್ಲನೆ ಉಸಿರು ಬಿಡುತ್ತದೆ. ನಾಯಿಗೋ ಕತ್ತೆಗೋ ಬಣ್ಣ ಬಳಿಯುವ ಮೋಸಗಾರನಿಗೆ ಈ ಸಂಗತಿ ಗೊತ್ತಿರಲು ಸಾಧ್ಯವಿಲ್ಲ. ಅಂದರೆ ನಿಜ. ಮರಿ ಆ ತಂಬಿನಲ್ಲಿ ಬಂದು ನಿಂತವರನ್ನೆಲ್ಲ ತನ್ನವರೆಂದು ಮಾತಾಡಿಸುತ್ತಿತ್ತು.

ಬಬಲೇಶ್ವರಕ್ಕೆ ಬಸ್ಸು ಮಧ್ಯಾಹ್ನದವರೆಗೆ ಇರಲಿಲ್ಲ. ಶೇಂಗಾ ಚೀಲದ ಲಾರಿಯೊಂದು ನಿಡೋಣಿಯ ಮೇಲೆ ಹಾಯ್ದು ಅಲ್ಲಿಗೆ ಹೋಗುವುದಿತ್ತು. ತಲಾ ಎಂಟಾಣೆಗೆ ಡ್ರೈವರ್ ಒಪ್ಪಿದ. ನಾನು ಡ್ರೈವರನ ಪಕ್ಕ, ರಾಜೇಸಾಬ ಚೀಲಗಳ ಮೇಲೆ. ದಾರಿಯ ಎರಡೂ ಕಡೆ ಎರೆಹೊಲ ಬರಿದಾಗಿ ಬಿರುಕು ಬಿಟ್ಟಿತ್ತು. ಇಂಜಿನ್ನಿನ ಕಾವು ಕಾಲಿಗೆ ಹೊಡೆಯುತ್ತಿತ್ತು. ನನಗೇ ಉಸಿರು ಸಾಲದಂತಾಗುತ್ತಿದ್ದರೆ, ಮೈತುಂಬ ಎರಡು ಬೆರಳು ದಪ್ಪ ತುಪ್ಪಳ ಹೊತ್ತ ಮರಿಯ ಪಾಡೇನು ಎಂದು ಯೋಚಿಸುತ್ತ ಗಡಿಯಾರ ನೋಡದೆ ಕುಳಿತೆ.

ನಿಡೋಣಿಯ ಬಾವಿಯ ಹತ್ತಿರ ಲಾರಿಗೆ ನೀರು ಹಾಕಲು ನಿಂತಾಗ ರಾಜೇಸಾಬ ಕೆಳಗಿಳಿದು ಹೊಲದ ಕಡೆ ನೋಡುತ್ತ ನಿಂತ.

"ಈ ಎರಿಯೊಳಗ ನಾ ಸಣ್ಣಾಂವಿದ್ದಾಗ ಎರೆಭೂತ ಅಡ್ಡ್ಯಾಡತಿದ್ವು ಅಕ್ಕಾರ. ಎದಿಮಟ ಎತ್ತರದ ಹಕ್ಕಿ. ನಮ್ಮಪ್ಪ ದೂರಿಂದ ಕಂಡು, ಯಾರೋ ಮನಿಷಾ ನಿಂತಾನ ಅಂತ ಸಲಾಂ ಮಾಡಿದ್ದ."

"ಈಗ?"

"ಈಗ ಸಲಾಂ ಮಾಡಾಕ ಯಾರೂ ಇಲ್ರಿ. ಬಂದೂಕ ಇದ್ದಾವ್ರು ತಿಂದ್ರು, ಇಲ್ಲದಾವ್ರು ತತ್ತಿ ಒಯ್ದ್ರು. ಕಡೀ ಹಕ್ಕಿ ಯಾವದಂತ ಗೊತ್ತಾಗಲೇ ಇಲ್ಲ ನೋಡ್ರಿ. ಇದಽ ಕಡೀದು ಅಂತ ಅದರ ಕೊಳ್ಳಾಗ ಯಾರ ಪಾಟಿ ಕಟ್ಟಿರತಾರ?"

ಬಬಲೇಶ್ವರ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಊರ ಅಂಚಿನಲ್ಲಿ ತೇಪೆ ಹಾಕಿದ ತಂಬು, ಅದರ ಮುಂದೆ ಜನ. ಮಾಲೀಕ ಮೀರಜ ಕಡೆಯವನು, ನಡುವಯಸ್ಸಿನ ಸಣಕಲ. ಒಂದು ಕೋತಿ, ಒಂದು ಹೆಬ್ಬಾವು, ಆಮೇಲೆ ಒಳಗೆ ತಗಡಿನ ಮೇಲಿಟ್ಟ ಕಿರಿದಾದ ಕಬ್ಬಿಣದ ಪಂಜರ. ರಾಜೇಸಾಬ ಜನರನ್ನು ಸರಿಸಿದ. ನಾನು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ.

ಏಳೆಂಟು ತಿಂಗಳ ಮರಿ. ಜನ ಹೇಳುವಂತೆ ಬಿಳಿಯಲ್ಲ. ಬೂದಿಯ ಮೇಲೆ ಹಾಲು ಚೆಲ್ಲಿದಂಥ ಬಣ್ಣ. ಅದರ ಮೇಲೆ ಹೊಗೆಯಿಂದ ಬರೆದಂಥ ಉಂಗುರಗಳು, ಅಂಚು ಎಲ್ಲಿ ಮುಗಿಯಿತೆಂದು ತಿಳಿಯದಂತೆ. ಕಣ್ಣು ಮಾಸಲು ಹಸಿರು. ಮೈಗೆ ಹೊಂದದಷ್ಟು ಅಗಲವಾದ ಪಾದಗಳು. ಅಂಗಾಲಿನಲ್ಲೂ ಕೂದಲು, ಹಿಮದಲ್ಲಿ ಹೂತುಹೋಗಬಾರದೆಂದು. ತೋಳಿನಷ್ಟು ದಪ್ಪದ ಬಾಲವನ್ನು ಅದು ತನ್ನ ನಾಡಿನಲ್ಲಿ ಮಲಗುವಾಗ ಮುಖಕ್ಕೆ ಸುತ್ತಿಕೊಳ್ಳುತ್ತದೆ. ಇಲ್ಲಿ ಆ ಬಾಲ ಸರಳಿನ ಹೊರಗೆ ಬಿದ್ದು ಧೂಳು ತಿನ್ನುತ್ತಿತ್ತು. ಮರಿಯ ಬಾಯಿ ಪೂರ್ತಿ ತೆರೆದಿತ್ತು, ನಾಲಿಗೆ ಜೋತಿತ್ತು, ಪಕ್ಕೆಗಳು ಎಣಿಸಲಾಗದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿದ್ದವು.

ಇದಕ್ಕಿಂತ ಚೆಲುವಾದ ಜೀವವನ್ನು ನಾನು ನೋಡಿದ್ದಿಲ್ಲ. ಆ ಗುಡ್ಡಗಳಲ್ಲಿ ಕುರಿ ಕಾಯುವವರು ಬಾಳಿಡೀ ಇದರ ಹೆಜ್ಜೆಯನ್ನಷ್ಟೇ ಕಂಡು ಸಾಯುತ್ತಾರೆಂದು ಓದಿದ್ದೆ. ಕಾಣದಂತೆ ಇರುವುದೇ ಅದರ ವಿದ್ಯೆ. ಅಂಥದ್ದನ್ನು ಇಲ್ಲಿ ನಾಲ್ಕಾಣೆಗೆ ಯಾರು ಬೇಕಾದರೂ ನೋಡಬಹುದಾಗಿತ್ತು. ನನ್ನ ಮುಖ ಕಂಡು ಅದು ಮೂಗಿನಿಂದ ಎರಡು ಸಲ ಉಸಿರು ಬಿಟ್ಟಿತು. ನಾನು ಕಣ್ಣು ತಪ್ಪಿಸಿದೆ.

"ಖರೇನೇನ್ರಿ?" ಎಂದ ರಾಜೇಸಾಬ.

"ನಿಜ."

ಅವನು ಹುಕುಮು ತೆಗೆದ. ಮಾಲೀಕ ವಾದಿಸಲಿಲ್ಲ. ಅವನೂ ಹೆದರಿದ್ದ, ಮರಾಠಿ ಬೆರೆಸಿ ಅಂಗಲಾಚಿದ. "ಬಾಯಿ, ಕಾಯ್ದೇ ಕಾನೂನು ನನಗ ಠಾವೂಕ ಇಲ್ಲ, ಗೊತ್ತಿಲ್ಲ. ಉತ್ತರದಾಗ ಒಬ್ಬ ಚರ್ಮದ ವ್ಯಾಪಾರಿ ಕೊಟ್ಟಾ. ಅಂವನ ದುಕಾನದಾಗ ಇದರ ತಾಯಿ ಚರ್ಮ ಗ್ವಾಡಿಗೆ ಹಾಕಿದ್ದಾ. ಈ ಮರಿ ಅದರ ಬುಡಕ ಹೋಗಿ ಮಲಗತಿತ್ತು. ದಿನಾ ಅಲ್ಲೇ. ಒಯ್ಯಿರಿ, ನನ್ನ ಕೈಯಾಗ ಸತ್ರ ಪಾಪಾ ಹತ್ತತೈತಿ."

"ಪಾಪಾ ಹತ್ತೂದ ಮುಗದೈತಿ ಮಾಲಕ," ಎಂದ ರಾಜೇಸಾಬ. "ಈಗ ಕೇಸ್ ಹತ್ತತೈತಿ. ಇಲ್ಲಿ ಹೆಬ್ಬಟ್ಟ ಒತ್ತು."

ಅಂಚೆ ಕಚೇರಿಯಿಂದ ಅವನು ವಿಜಾಪುರಕ್ಕೆ ಫೋನು ಹಚ್ಚಿ ಬಂದ. ಜೀಪು ಐದರ ಸುಮಾರಿಗೆ ಬರ್ಫದ ಗಡ್ಡೆಗಳೊಂದಿಗೆ ಬರುವುದಾಗಿ ರೇಂಜರ್ ಸಾಹೇಬರು ಒಪ್ಪಿದ್ದರು. ಆಗಿನ್ನೂ ಮಧ್ಯಾಹ್ನ. ಮರಿ ಐದರವರೆಗೆ ಬದುಕುವ ಲಕ್ಷಣ ಇರಲಿಲ್ಲ. ನೀರು ಮುಂದಿಟ್ಟರೆ ಕುಡಿಯುತ್ತಿರಲಿಲ್ಲ. ಮೈಮೇಲೆ ಸುರಿದ ನೀರು ತಗಡಿಗೆ ಬಿದ್ದು ಕ್ಷಣದಲ್ಲಿ ಆರುತ್ತಿತ್ತು. ತಂಬಿನ ಸುತ್ತ ಜನ ಹೆಚ್ಚುತ್ತ ಇದ್ದ ಗಾಳಿಯೂ ನಿಂತಿತು.

ತಂಬಿನ ಹಿಂದಿನ ಮನೆಯ ಗಂಗವ್ವ ಬಂದದ್ದು ಆಗ. ಐವತ್ತರ ಸುಮಾರಿನ ವಿಧವೆ, ಮನೆಯ ಒಕ್ಕಲುತನ ಅವಳದೇ. ಮರಿಯನ್ನು ನೋಡಿ ಸೆರಗನ್ನು ಬಾಯಿಗೆ ಹಿಡಿದಳು. "ಅಯ್ಯ ಯವ್ವಾ, ಉಸರ ನೋಡ ಅದರದು. ಸುಡಗಾಡ ಬಿಸಲಾಗ ಇಟ್ಟ ಕುಂತೀರಲ್ಲೋ! ನಮ್ಮ ಹಗೇವ ಖಾಲಿ ಐತಿ. ಇಳಸ್ರಿ ಅದರಾಗ. ಒಳಗ ತಂಪ ಅಂದ್ರ ತಂಪ."

ಹಗೇವೆಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಹೂಜಿಯಾಕಾರದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಎರಡಾಳು ಆಳ. ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಗಂಗವ್ವನ ಹಿತ್ತಲಿನ ಹಗೇವನ್ನು ಕೆಲ ದಿನಗಳ ಹಿಂದೆ ಬಿಚ್ಚಿ ಜೋಳ ಮೇಲೆ ತಂದಿದ್ದರು.

ಅವಳ ಮೈದುನ ಸಿದ್ರಾಮಪ್ಪ ಅಡ್ಡ ಬಂದ. "ತಲಿ ಕೆಟ್ಟೈತೇನ ವೈನಿ? ಹಗೇವ ಅಂದ್ರ ಲಕ್ಷ್ಮಿ. ಹುಲಿ ಹೊಕ್ಕ ಹಗೇವಿನ್ಯಾಗ ನಾಳಿ ಜ್ವಾಳ ಹಾಕಾಂವ ಯಾಂವ?"

"ಇಲಿ ಹೊಕ್ಕ ದೀಡ ಚೀಲ ತಿಂದಾಗ ಲಕ್ಷ್ಮಿ ಎದ್ದ ಹೋಗಿದ್ದಳೇನ? ಮತ್ತ ಹಾಕಿದಿಲ್ಲ ನೀ? ಇದು ಇಲಿ ಹಿಡಿಯು ಜಾತಿ. ಬೆಕ್ಕಿನ ದೊಡ್ಡವ್ವನ ಮಗಾ. ಹಗ್ಗಾ ತಾ ಹೋಗ."

ಅವನು ಗೊಣಗುತ್ತ ಹಗ್ಗ ತಂದ, ಕಂದೀಲನ್ನೂ ತಂದ. ಹಗೇವಿನ ಕೆಟ್ಟ ಗಾಳಿಗೆ ಸಿಕ್ಕು ಜನ ಸತ್ತದ್ದನ್ನು ಈ ಭಾಗದಲ್ಲಿ ಎಲ್ಲರೂ ಕೇಳಿ ಬಲ್ಲರು. ಆದ್ದರಿಂದ ದೀಪ ಇಳಿಸಿ ನೋಡದೆ ಯಾರೂ ಕಾಲಿಡುವುದಿಲ್ಲ. ಹಗ್ಗದಲ್ಲೊಂದು ಗಂಟು ಇತ್ತು. ಗಂಟು ಬಾಯಿಯ ಕಲ್ಲಿಗೆ ಬರುವವರೆಗೆ ಅವನು ಕಂದೀಲನ್ನು ಇಳಿಸಿ ಹಿಡಿದ. ಕೆಳಗೆ ಜ್ವಾಲೆ ಹಳದಿಯಾಗಿ, ನೆಟ್ಟಗೆ ಉರಿಯಿತು. ಸುತ್ತ ನಿಂತವರು ತಲೆಯಾಡಿಸಿದರು. ನನಗೂ ಸಮಾಧಾನವಾಯಿತು. ಎರಡು ಹಗ್ಗ ಕಟ್ಟಿ ಪಂಜರವನ್ನು ಇಳಿಸಿದರು. ಅದು ಕಲ್ಲಿಗೆ ಎರಡೂ ಬದಿ ಉಜ್ಜುತ್ತ, ಕಷ್ಟದಿಂದ ಒಳಗಾಯಿತು. ತಳ ಮುಟ್ಟಿದ ಸದ್ದು ಕೇಳಿದಾಗ ಬಾಯಿಯಿಂದ ತಣ್ಣಗಿನ, ಹಳೇ ಕಾಳಿನ ವಾಸನೆಯ ಉಸಿರು ನನ್ನ ಮುಖಕ್ಕೆ ಬಂತು.

ನಾನು ಅಲ್ಲೇ ಗೋಣಿತಾಟಿನ ಮೇಲೆ ಕುಳಿತೆ. ಕತ್ತಲಿನಿಂದ ಮರಿಯ ತೇಕು ಗರಗಸದಂತೆ ಕೇಳುತ್ತಿತ್ತು. ಗಂಗವ್ವ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಮರ್ಯಾದೆಗೆ ಎರಡು ತುತ್ತು ತಿಂದೆ. ಸ್ವಲ್ಪ ಹೊತ್ತಿಗೆ ತೇಕು ಇಳಿಯತೊಡಗಿತು. ಆಮೇಲೆ ಇನ್ನೂ ಇಳಿಯಿತು.

"ತಂಪ ಹತ್ತಿತ್ರಿ. ನಿದ್ದಿ ಮಾಡಾಕತ್ತೈತಿ," ಎಂದ ಸಿದ್ರಾಮಪ್ಪ. ಅವನ ಧ್ವನಿಯಲ್ಲಿ ಈಗ ಆತಿಥ್ಯದ ಹೆಮ್ಮೆ ಬಂದಿತ್ತು. ರಾಜೇಸಾಬ ಬೇವಿನ ಬುಡದಲ್ಲಿ ಟೊಪ್ಪಿಗೆ ಮುಖದ ಮೇಲಿಟ್ಟು ಮಲಗಿದ್ದ. ಹಿತ್ತಲಲ್ಲಿ ಎಲ್ಲರಿಗೂ ನೆಮ್ಮದಿ. ನನಗೆ ಮಾತ್ರ ಕಿವಿ ತೆಗೆಯಲಾಗಲಿಲ್ಲ. ಉಸಿರು ಮೆಲ್ಲಗಾಗಬೇಕೆಂದು ಬಯಸಿದವಳೂ ನಾನೇ. ಆದರೆ ಒಂದು ಉಸಿರಿಗೂ ಮುಂದಿನದಕ್ಕೂ ನಡುವಿನ ಮೌನ ಉದ್ದವಾಗುತ್ತಿದ್ದ ರೀತಿ ನಿದ್ದೆಯದಾಗಿರಲಿಲ್ಲ.

ಮರಿಯನ್ನು ಕಣ್ಣಾರೆ ನೋಡಬೇಕೆನಿಸಿತು. ಕಂದೀಲು ಹಚ್ಚಿ ನಾನೇ ಇಳಿಸಿದೆ. ಗಂಟಿನವರೆಗೆ ಬೆಳಕು ಚೆನ್ನಾಗಿತ್ತು. ಕೆಳಗೆ ಪಂಜರದ ಮೇಲ್ಭಾಗವಷ್ಟೇ ಕಂಡಿತು. ಇನ್ನೊಂದು ಗೇಣು ಹಗ್ಗ ಬಿಟ್ಟೆ. ಜ್ವಾಲೆ ಕುಗ್ಗಿತು. ಇನ್ನೊಂದು ಗೇಣು. ನೀಲಿಯಾಗಿ, ನೀರಿನಲ್ಲಿ ಅದ್ದಿದಂತೆ ಆರಿಹೋಯಿತು.

ಮೇಲೆಳೆದು ಮತ್ತೆ ಹಚ್ಚಿದೆ. ಅದೇ ಜಾಗಕ್ಕೆ ಬಂದಾಗ ಮತ್ತೆ ಆರಿತು.

"ಈ ಗಂಟು ಯಾವುದರ ಲೆಕ್ಕ?" ಎಂದು ಸಿದ್ರಾಮಪ್ಪನನ್ನು ಕೇಳಿದೆ.

"ಎದಿಮಟದ್ದರಿ. ಅಜ್ಜನ ಕಾಲದಿಂದ ಹಂಗಽ. ಮನಿಷಾ ಒಳಗ ನಿಂತಿರತಾನಲ್ರಿ? ಅಂವನ ಮೂಗಿಗೆ ಗಾಳಿ ಸಿಕ್ರ ಸಾಕ..." ಎಂದವನು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ನೋಡಿದ.

ಕೆಟ್ಟ ಗಾಳಿ ಭಾರ. ಬಾವಿಯ ತಳದ ನೀರಿನಂತೆ ನೆಲ ಹಿಡಿದು ನಿಲ್ಲುತ್ತದೆ. ಇಳಿದವರೆಲ್ಲ ಅದರ ಮೇಲೆ ತಲೆ ಎತ್ತಿ ನಿಂತು, ಬುಟ್ಟಿ ತುಂಬಿ, ಏರಿ ಬಂದಿದ್ದರು. ನೆಲಕ್ಕೆ ಮೂಗು ಹಚ್ಚಿ ಮಲಗುವ ಜೀವವನ್ನು ಹಗೇವಿಗೆ ಇಳಿಸುವ ಪ್ರಸಂಗ ಆ ಊರಿಗೆ ಅಲ್ಲಿಯವರೆಗೆ ಬಂದಿರಲಿಲ್ಲ.

"ಎಳೀರಿ!" ಎಂದು ಕೂಗಿದೆ. ಅಪರಿಚಿತರ ನಡುವೆ ಎಂದೂ ದನಿ ಏರಿಸದವಳು ನಾನು. ಆ ಕೂಗು ನನ್ನದೆಂದು ನನಗೇ ತಿಳಿಯಲು ಒಂದು ಕ್ಷಣ ಬೇಕಾಯಿತು.

ಆರು ಜನ ಹಗ್ಗಕ್ಕೆ ಕೈ ಹಾಕಿದರು. ಪಂಜರ ಏರಿತು, ಒಳಗಿನ ಭಾರ ಒಂದು ಬದಿಗೆ ಜಾರಿತು, ಪಂಜರ ಓರೆಯಾಗಿ ಹಗೇವಿನ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು. ಮೇಲೂ ಬಾರದು, ಕೆಳಗೂ ಹೋಗದು. ಬಾಯಿಗೆ ಬೆಣೆ ಹೊಡೆದಂತಾಯಿತು. ಸರಳಿನ ನಡುವೆ ಬೂದು ತುಪ್ಪಳ ಕಾಣುತ್ತಿತ್ತು. ಅದು ಅಲುಗುತ್ತಿರಲಿಲ್ಲ.

"ತಳಕ್ಕ ಬಿಡ್ರಿ, ನಾ ಇಳದ ನೆಟ್ಟಗ ಮಾಡತೇನಿ," ಎಂದು ಸಿದ್ರಾಮಪ್ಪ ಧೋತರ ಕಚ್ಚೆ ಬಿಗಿದ. ಗಂಗವ್ವ ಅವನ ಅಂಗಿಯ ಹಿಂಬದಿಯನ್ನು ಎರಡೂ ಕೈಯಿಂದ ಹಿಡಿದಳು.

"ಹುಚ್ಚ ಖೋಡಿ! ಅದು ಸತ್ರ ಒಂದ ಜೀವ ಹೋಗತೈತಿ. ನೀ ಸತ್ರ ನಿನ್ನ ಹೆಂಡತಿ ನನ್ನ ಜೀವಾ ತಗೀತಾಳ. ಬೇವಿನ ತಪ್ಪಲಾ ಕಟ್ರಿ ಮೊದಲ, ಗಾಳಿ ಆಡಸ್ರಿ!"

ಬಾಯಿ ಬಿಡಿಸದೆ ಗಾಳಿ ಆಡಿಸಲಾಗದೆಂದು ಪಂಜರವನ್ನು ಒದ್ದು ತಳಕ್ಕೆ ಬಿಟ್ಟರು. ಆ ಬಿಡುವುದು ಎಲ್ಲಕ್ಕಿಂತ ಕಠಿಣವಾಗಿತ್ತು. ಅದು ಮತ್ತೆ ಆ ಗಾಳಿಯೊಳಗೆ ಮುಳುಗುವುದನ್ನು ನೋಡುತ್ತ ನಿಂತೆ. ರಾಜೇಸಾಬ ಮರ ಹತ್ತಿ ಟೊಂಗೆ ಮುರಿದು ಒಗೆದ. ಬೇವಿನ ದೊಡ್ಡ ಹೊರೆಯೊಂದನ್ನು ಹಗ್ಗಕ್ಕೆ ಕಟ್ಟಿ, ಮಜ್ಜಿಗೆ ಕಡೆಯುವಂತೆ ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ ಮಾಡಿದರು. ಕೆಟ್ಟ ವಾಸನೆ ಅಲೆ ಅಲೆಯಾಗಿ ಮೇಲೆ ಬಂತು. ಆಮೇಲೆ ಎರಡು ಹಗ್ಗವನ್ನು ಎರಡು ಕಡೆ ನಿಂತು, ಒಬ್ಬರ ದನಿಗೆ ಒಬ್ಬರು ಕಾಯುತ್ತ ಸಮನಾಗಿ ಎಳೆದರು. ಪಂಜರ ಕಲ್ಲಿಗೆ ಕಿರುಗುಟ್ಟುತ್ತ ಹೊರಬಂತು.

ಮರಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ವಸಡು ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೇವಿನ ನೆರಳಿಗೆ ಒಯ್ದರು. ಒಬ್ಬಳು ಮೊರದಿಂದ ಗಾಳಿ ಹಾಕಿದಳು. ನಾನು ಸರಳಿನೊಳಗೆ ಕೈ ಇಟ್ಟೆ. ಹಲ್ಲಿನ ಹೆದರಿಕೆ ಇತ್ತು. ಹಲ್ಲು ಇನ್ನು ಕಚ್ಚದಿರಬಹುದು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ತುಪ್ಪಳ ಬೆರಳನ್ನು ಪೂರ್ತಿ ನುಂಗಿತು. ಕೆಳಗೆ ಎಲುಬು. ಎಲುಬಿನ ಕೆಳಗೆ ಏನೂ ತಿಳಿಯಲಿಲ್ಲ. ಎರಡೂ ಅಂಗೈಯಿಂದ ಪಕ್ಕೆ ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಎಷ್ಟು ಹೊತ್ತೋ. ಒಮ್ಮೆ ಪಕ್ಕೆ ನನ್ನ ಕೈ ಕಾಯದೆ ತಾನೇ ಎದ್ದಿತು. ಮತ್ತೆ ಎದ್ದಿತು. ಹಸಿರು ಕಣ್ಣು ತೆರೆಯಿತು, ಮರುಕ್ಷಣ ಅಗಲ ಪಾದ ಬೀಸಿ ನನ್ನ ಮಣಿಕಟ್ಟಿನ ಮೇಲೆ ಮೂರು ಗೆರೆ ಗೀರಿತು.

"ಯಾ ಅಲ್ಲಾ," ಎಂದ ರಾಜೇಸಾಬ. "ಸಿಟ್ಟ ಬಂತು ಅಂದ್ರ ಜೀವ ಬಂತು."

ಜೀಪು ಬರುವವರೆಗೆ ಓಣಿಯ ಹೆಂಗಸರು ಕೊಡದ ಮೇಲೆ ಕೊಡ ನೀರು ತಂದು ಪಂಜರದ ಸುತ್ತ ಹಾಸಿದ ಗೋಣಿತಾಟು ತೊಯ್ಯಿಸಿದರು. ನೋಡಲು ಬಂದವರು ಈಗ ದೂರ ನಿಂತು ಪಿಸುಗುಟ್ಟುತ್ತಿದ್ದರು. ಗಂಗವ್ವ ನನ್ನ ಗಾಯಕ್ಕೆ ಅರಿಶಿಣ ಮೆತ್ತುತ್ತ ಕೇಳಿದಳು. "ಇದನ್ನ ಇದರ ಊರಿಗೆ ಬಿಡತೀರೇನ್ ಬೇ?"

"ಊರಿನ ಹತ್ತಿರಕ್ಕೆ. ಗುಡ್ಡದ ಒಂದು ಪ್ರಾಣಿಸಂಗ್ರಹಾಲಯಕ್ಕೆ. ಬೇಟೆ ಕಲಿಸಬೇಕಾದ ತಾಯಿ ಇಲ್ಲ. ಬಿಟ್ಟರೆ ಉಪವಾಸ ಸಾಯುತ್ತದೆ."

"ಅಂದ್ರ ಮತ್ತ ಪಂಜರಾನಽ."

"ದೊಡ್ಡದು. ತಂಪಿರುತ್ತದೆ."

ಅವಳು ಅರಿಶಿಣದ ಬಟ್ಟಲನ್ನು ಬದಿಗಿಟ್ಟಳು. "ಇಂಥಾವು ಅಲ್ಲಿ ಎಷ್ಟ ಅದಾವ?"

"ಯಾರೂ ಎಣಿಸಿಲ್ಲ. ಗೊತ್ತಿಲ್ಲ."

"ಎಣಸೂಕಿಂತ ಮೊದಲಽ ಸುಲಿಯಾಕತ್ತಾರೇನ?"

ನಾನು ಅವಳಿಗೆ ನನಗೆ ತಿಳಿದಷ್ಟು ಹೇಳಿದೆ. ಕುರಿ ತಿಂದಿತೆಂದು ಕುರುಬರು ಹೊಡೆಯುತ್ತಾರೆ. ಹಸಿವೆಯ ಸೇಡು ಅದು, ಅರ್ಥವಾಗುತ್ತದೆ. ಆದರೆ ಪಟ್ಟಣದಲ್ಲಿ ಒಬ್ಬಳ ತುಪ್ಪಳದ ಕೋಟಿಗೆ ಇಂಥ ಹಲವು ಚರ್ಮ ಬೇಕು, ಅದಕ್ಕಾಗಿ ಬಲೆ ಒಡ್ಡುವವರಿದ್ದಾರೆ. ವರ್ಷಕ್ಕೆರಡು ಮರಿ ಹಾಕುವ ಪ್ರಾಣಿಯೂ ಇದಲ್ಲ. ತಾಯಿಯೊಂದು ಸತ್ತರೆ ಅದರ ಹಿಂದೆ ಮಲಗಿದ ಮರಿಗಳೂ ಹೋದಂತೆ. ಕುರುಬನ ಕುರಿಗೆ ಪರಿಹಾರ ಕೊಟ್ಟು, ಚರ್ಮದಂಗಡಿಗಳನ್ನು ಮುಚ್ಚಿಸದಿದ್ದರೆ, ನಿಡೋಣಿಯ ಹೊಲದಲ್ಲಿ ರಾಜೇಸಾಬ ನಿಂತಂತೆ ಯಾರೋ ಒಬ್ಬರು ಆ ಹಿಮದ ಮುಂದೆ ನಿಲ್ಲಬೇಕಾಗುತ್ತದೆ. ಇದನ್ನೆಲ್ಲ ನಾನು ಪಾಠದಂತೆ ಹೇಳಿದೆನೇನೋ. ಗಂಗವ್ವ ಕೊನೆಗೆ ಒಂದೇ ಮಾತು ಅಂದಳು. "ಕೋಟ ಹಾಕ್ಕೊಂಡಾಕಿ ಒಮ್ಮಿ ಇದರ ಉಸರಾ ಕೇಳಬೇಕಿತ್ತು."

ಜೀಪು ಐದೂವರೆಗೆ ಬಂತು. ಹೊಟ್ಟು ತುಂಬಿದ ಗೋಣಿಯಲ್ಲಿ ಬರ್ಫ ಸುತ್ತಿ ತಂದಿದ್ದರು, ಅರ್ಧ ಕರಗಿತ್ತು. ಪಂಜರದ ಎರಡೂ ಬದಿಗೆ ಗಡ್ಡೆ ಇಟ್ಟು, ನಾನು ಹಿಂದೆ ಮರಿಯ ಪಕ್ಕದಲ್ಲೇ ಕುಳಿತೆ. ಹದಿನೈದು ಮೈಲಿ. ಸಾರವಾಡದವರೆಗೆ ರಸ್ತೆ ತಗ್ಗುದಿನ್ನೆ. ಪ್ರತಿ ಕುಲುಕಿಗೂ ಮರಿಯ ತಲೆ ಸರಳಿಗೆ ಬಡಿಯುತ್ತಿತ್ತು. ಡೋಣಿ ಹೊಳೆಯಲ್ಲಿ ನೀರಿಲ್ಲ, ಬಿಳಿ ಉಪ್ಪಿನ ಗೆರೆಯಷ್ಟೇ. ಮರಿ ಒಮ್ಮೆ ಬರ್ಫವನ್ನು ನೆಕ್ಕಿತು. ನೆಕ್ಕಿ, ನಿಂತು, ಆ ಗಡ್ಡೆಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿತು. ಆಮೇಲೆ ವಿಜಾಪುರದ ಗುಮ್ಮಟ ಕಾಣುವವರೆಗೂ ಅದು ಕಣ್ಣು ತೆರೆಯಲಿಲ್ಲ. ನಾನು ಎರಡು ಸಲ ಜೀಪು ನಿಲ್ಲಿಸಿ, ಬದುಕಿದೆಯೇ ಎಂದು ನೋಡಿದೆ.

ಗಾಂಧಿ ಚೌಕದ ಗದ್ದಲ ತಪ್ಪಿಸಿ ಹೊರಗಿನ ದಾರಿಯಿಂದ ಸ್ಟೇಷನ್ನಿಗೆ ಬಂದೆವು. ಸೊಲ್ಲಾಪುರದ ಗಾಡಿ ಆಗಲೇ ಬಂದು ನಿಂತಿತ್ತು. ರೇಂಜರ್ ಸಾಹೇಬರು ತಾವೇ ಬಂದಿದ್ದರು. ಪಂಜರ ನೋಡಿ ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡರು. ಸಾಮಾನಿನ ಡಬ್ಬಿಯಲ್ಲಿ ಬಾಗಿಲ ಹತ್ತಿರ, ಗಾಳಿ ಸಿಗುವಂತೆ, ಪಂಜರ ಇಟ್ಟರು. ಉಳಿದ ಬರ್ಫ, ಹೊಸ ಎರಡು ಗಡ್ಡೆ, ಒಂದು ಕೊಡ ನೀರು. ಜೊತೆಗೆ ಹೋಗುವವನು ರಾಜೇಸಾಬ. ಅವನ ಹೆಂಡತಿ ಬುತ್ತಿ ಕಳಿಸಿದ್ದಳು, ಉತ್ತರದ ಚಳಿಗೆಂದು ಕಂಬಳಿಯನ್ನೂ.

"ನೆಲಕ್ಕೆ ಗಾಳಿ ಬರಲಿ," ಎಂದೆ. "ಬಾಗಿಲು ಪೂರ್ತಿ ಮುಚ್ಚಬೇಡ. ಸೊಲ್ಲಾಪುರದಲ್ಲಿ ಬಿಸಿಲಲ್ಲಿ ಇಳಿಸಿಡಬೇಡ."

"ಅಕ್ಕಾರ, ನನ್ನ ಮಕ್ಕಳ್ನ ನಾ ಇಷ್ಟ ನೋಡಿಲ್ಲ. ಚಿಂತಿ ಬಿಡ್ರಿ." ಆದರೆ ಅವನ ಮುಖದಲ್ಲೂ ಚಿಂತೆಯೇ ಇತ್ತು. ಎರಡು ಹಗಲು ಮಧ್ಯ ಭಾರತದ ಬಯಲು ದಾಟಬೇಕು, ಅಲ್ಲಿ ನಮ್ಮದಕ್ಕಿಂತ ಬಿಸಿ ಗಾಳಿ. ಅದು ನಮಗಿಬ್ಬರಿಗೂ ಗೊತ್ತಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಗಾಡಿ ಸೀಟಿ ಹಾಕಿತು. ಡಬ್ಬಿ ಅಲುಗಿದಾಗ ಮರಿ ಬೆಚ್ಚಿ ತಲೆ ಎತ್ತಿತು, ಮತ್ತೆ ಮಲಗಿತು. ನಾನು ಪ್ಲಾಟ್‌ಫಾರ್ಮಿನ ಮೇಲೆ ಡಬ್ಬಿಯ ಜೊತೆ ನಡೆದೆ. ವೇಗ ಹೆಚ್ಚಿತು, ಸೀರೆಯ ನೆರಿಗೆ ಹಿಡಿದು ಓಡಿದೆ. ಜನ ನೋಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಅದರ ಪಕ್ಕೆ ಮೆಲ್ಲಗೆ ಏರಿದ್ದನ್ನು ಕಂಡೆ. ಇಳಿಯುವುದನ್ನು ಕಾಣುವ ಮೊದಲೇ ಪ್ಲಾಟ್‌ಫಾರ್ಮು ಮುಗಿಯಿತು.